ಬೊಂಬಾಯಿ ಬಂಗಲೆಯ ದಾರಿ

ಪ್ರತಿವರ್ಷ ರಾಜ್ಯೋತ್ಸವದ ಸಮಾರಂಭದಲ್ಲಿ ನಮ್ಮ ಸಂಘದ ಮಕ್ಕಳು ಕೆ. ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ'ವನ್ನು ಹಾಡುವುದು ವಾಡಿಕೆ. ಜೋಗದ ಹೆಸರಿನಿಂದಲೇ ಆರಂಭವಾಗುವ ಆ ಹಾಡನ್ನು ಬಾಯಿಪಾಠ ಮಾಡಿದ ಮಕ್ಕಳಲ್ಲಿ ಜೋಗವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಕಳೆದ ಸಲ ವಿಚಾರಿಸಿದೆವು. ಹದಿನಾರು ಮಕ್ಕಳಲ್ಲಿ ಇಬ್ಬರು ಕೈ ಎತ್ತಿದರು. ತಂದೆತಾಯಿಗಳ ಲೆಕ್ಕವೂ ಇದಕ್ಕಿಂತ ಹೆಚ್ಚು ಮಾನದ್ದಾಗಿರಲಿಲ್ಲ. ಅಂದೇ ಚಹದ ವೇಳೆಗೆ ನಾವು ನಾಲ್ಕು ಕುಟುಂಬದವರು ಸೇರಿ, ಬರುವ ಮಳೆಗಾಲದ ಕೊನೆಗೆ ರಸ್ತೆಯ ಮಾರ್ಗವಾಗಿ ಮಲೆನಾಡಿನ ಜಲಪಾತಗಳಿಗೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡೆವು. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರೆಂಬ ಒಂದೇ ಕಾರಣಕ್ಕೆ ದಾರಿಯ ನಕ್ಷೆ, ಖರ್ಚಿನ ಅಂದಾಜು, ರಜೆಯ ಹೊಂದಾಣಿಕೆ ಎಲ್ಲವೂ ನಮ್ಮ ಪಾಲಿಗೆ ಬಂದವು.

ಈ ಉತ್ಸಾಹದ ಹಿಂದೆ ಒಂದು ಹಳೆಯ ಸೋಲೂ ಉಂಟು. ಮೂರು ವರ್ಷಗಳ ಹಿಂದೆ ನಾತಾಳದ ರಜೆಯಲ್ಲಿ ನಮ್ಮ ದೊಡ್ಡಪ್ಪನವರನ್ನು ಕರೆದುಕೊಂಡು ಜೋಗಕ್ಕೆ ಹೋಗಿದ್ದೆವು. ದೊಡ್ಡಪ್ಪ ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, 1962ರಲ್ಲಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ಉಪಾಹಾರಗೃಹದ ಗಲ್ಲೆಯ ಮೇಲೆ ಕುಳಿತು ಆಯುಷ್ಯ ಕಳೆದವರು. ಊರಿಗೆ ಹೋದಾಗಲೆಲ್ಲ ಮದುವೆ, ಮುಂಜಿ, ತಿಥಿಗಳ ಗಡಿಬಿಡಿ. ಜೋಗದ ಕಡೆಗೆ ಮಾತ್ರ ಮತ್ತೆ ಕಾಲಿಟ್ಟಿರಲಿಲ್ಲ. ಅಂದು ಅವರನ್ನು ಕಟಕಟೆಯ ಹತ್ತಿರ ನಿಲ್ಲಿಸಿದಾಗ ಎದುರಿಗೆ ಕಂಡದ್ದು ಕಪ್ಪು ಬಂಡೆ, ಅದರ ಮೇಲೆ ಒಗೆದು ಹರವಿದ ಪಂಚೆಯಷ್ಟು ಅಗಲದ ನೀರು. ದೊಡ್ಡಪ್ಪ ಬಹಳ ಹೊತ್ತು ನೋಡಿದರು. "ಇದು ಜೋಗ ಅಲ್ಲ ತಮ್ಮಾ" ಎಂದು ಹೇಳಿ ತಿರುಗಿ ಗಾಡಿಯಲ್ಲಿ ಕುಳಿತುಬಿಟ್ಟರು. ಸಾಗರ ದಾಟುವವರೆಗೆ ಮಾತಿಲ್ಲ. ಆಮೇಲೆ ತಮ್ಮಷ್ಟಕ್ಕೇ, "ನೀರು ಅತ್ತೆಯ ಮನೆಯಲ್ಲಿ ಕೂತಿದೆ" ಎಂದರು. ವಯಸ್ಸಾದವರ ಮಾತು ಎಂದು ನಾವು ಅದನ್ನು ಅಲ್ಲಿಗೇ ಬಿಟ್ಟೆವು.

ಈ ಸಲ ನಕ್ಷೆ ಹರವಿಕೊಂಡು ಕುಳಿತಾಗ ಆ ಮಾತಿನ ಅರ್ಥ ತಿಳಿಯಿತು. ಜಲಪಾತದ ಪ್ರವಾಸವನ್ನು ಕೇವಲ ಮೈಲುಗಳ ಲೆಕ್ಕದಿಂದ ಗೊತ್ತುಮಾಡಿದರೆ ಸಾಲದು. ಆ ನೀರಿನ ಚರಿತ್ರೆಯನ್ನೂ ಸ್ವಲ್ಪ ತಿಳಿದಿರಬೇಕು. ಇಲ್ಲವಾದರೆ ನಮ್ಮಂತೆ ಬಂಡೆ ನೋಡಿ ಬರಬೇಕಾದೀತು. ನಮ್ಮ ಓದಿನ ಸಾರವನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮುಂಬಯಿಯಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಶಿರಸಿ, ಸಿದ್ದಾಪುರಗಳ ಮೇಲೆ ಹಾಯ್ದರೆ ಜೋಗ ಸುಮಾರು 750 ಕಿಲೋಮೀಟರು. ಕರಾವಳಿಯಿಂದ ಇಳಿದುಹೋಗಿ ಹೊನ್ನಾವರದಲ್ಲಿ ಘಟ್ಟ ಹತ್ತುವ ದಾರಿಯೂ ಉಂಟು. ಆದರೆ ನಾವು ಮೊದಲನೆಯದನ್ನೇ ಆರಿಸಿಕೊಂಡೆವು. ಏಕೆಂದರೆ ಈ ದಾರಿಯಲ್ಲಿ ನೀರು ಮನುಷ್ಯನಿಗೆ ದುಡಿದ ಕಥೆ ಅಧ್ಯಾಯ ಅಧ್ಯಾಯವಾಗಿ ಎದುರಾಗುತ್ತದೆ.

ಮೊದಲನೆಯ ಅಧ್ಯಾಯ ಬೋರಘಾಟದಲ್ಲಿಯೇ ಇದೆ. ಇಲ್ಲಿ ಚಕ್ಕಡಿ ಹೋಗುವಂಥ ರಸ್ತೆ ತೆರೆದದ್ದು 1830ರಲ್ಲಿ, ಸರ್ ಜಾನ್ ಮಾಲ್ಕಮ್ ಮುಂಬಯಿಯ ಗವರ್ನರಾಗಿದ್ದಾಗ. ಆಮೇಲೆ 1863ರಲ್ಲಿ ರೈಲು ಘಟ್ಟ ಹತ್ತಿತು. 2002ರಲ್ಲಿ ವೇಗಮಾರ್ಗ ಪೂರ್ಣವಾಯಿತು. ಮಳೆಗಾಲದಲ್ಲಿ ಈ ಘಟ್ಟದ ಪ್ರತಿಯೊಂದು ಬಂಡೆಯಿಂದಲೂ ಬಿಳಿಯ ಎಳೆಗಳು ಇಳಿಯುತ್ತವೆ. ಮಕ್ಕಳು ಕಿಟಕಿಗೆ ಮೂಗು ಒತ್ತಿ ಎಣಿಸುತ್ತಾರೆ. ಆದರೆ ಘಟ್ಟದ ಅತಿ ದೊಡ್ಡ ಧಾರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಣಾವಳದ ಸುತ್ತಲ ಕೆರೆಗಳಲ್ಲಿ ನಿಲ್ಲಿಸಿದ ಮಳೆನೀರು ಕೊಳವೆಗಳಲ್ಲಿ ಕೆಳಗಿಳಿದು ಖೋಪೋಲಿಯ ವಿದ್ಯುದಾಗಾರವನ್ನು ಸೇರುತ್ತದೆ. ಟಾಟಾ ಕಂಪನಿಯವರು ಇದನ್ನು ನಡೆಸತೊಡಗಿದ್ದು 1915ರಲ್ಲಿ. ಮುಂಬಯಿಯ ಬಟ್ಟೆಗಿರಣಿಗಳಿಗೆ ಆ ಬಲ ಹರಿಯಿತು. ಅಂದರೆ ನಮ್ಮ ಪ್ರವಾಸದ ಮೊದಲ ಜಲಪಾತ ಕೊಳವೆಯೊಳಗಿನ ಜಲಪಾತ. ಅದನ್ನು ನೋಡಲಾಗದು; ಅದರ ಬೆಳಕಿನಲ್ಲಿ ಮುಂಬಯಿಯವರು ಓದಿದ್ದುಂಟು, ದುಡಿದದ್ದುಂಟು.

ಎರಡನೆಯ ದಿನ ನಿಪ್ಪಾಣಿ ದಾಟಿ ಸಂಕೇಶ್ವರದಲ್ಲಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ಹೊರಳಬೇಕು. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಬೆಳಗಾವಿಯ ಬಯಲಿನ ಮೇಲೆ ಸಮಾಧಾನವಾಗಿ ಹರಿದು, ಗೋಕಾಕದ ಹತ್ತಿರ ಒಮ್ಮೆಲೇ ಸುಮಾರು 52 ಮೀಟರು ಕೆಳಗೆ ಹಾರುತ್ತದೆ. ಕುದುರೆಯ ಲಾಳದ ಆಕಾರದ ಬಂಡೆ. ಮಳೆಗಾಲದಲ್ಲಿ ಕೆಂಪು ಮಣ್ಣಿನ ನೀರು. ದಂಡೆಯ ಮೇಲೆ ಚಾಲುಕ್ಯರ ಕಾಲದ ಶೈಲಿಯ ಶಿವಾಲಯವಿದೆ, ಹೊಳೆಗೆ ಅಡ್ಡಲಾಗಿ ಹಳೆಯ ತೂಗುಸೇತುವೆಯಿದೆ, ಮಗ್ಗುಲಲ್ಲಿ ನೂಲಿನ ಗಿರಣಿಯಿದೆ. 1887ರಲ್ಲಿಯೇ ಈ ನೀರಿನ ಬಲದಿಂದ ಗಿರಣಿಯ ಚಕ್ರಗಳು ತಿರುಗತೊಡಗಿದವು. ಖೋಪೋಲಿಗಿಂತ ಇದು ಇಪ್ಪತ್ತೆಂಟು ವರ್ಷ ಹಿರಿಯದು! ಮುಂಬಯಿಗೇ ಕಲಿಸುವ ಪಾಠವೊಂದನ್ನು ನಮ್ಮ ಬಯಲುಸೀಮೆಯ ಹೊಳೆ ಮೊದಲೇ ಕಲಿತಿತ್ತೆಂದು ಹೇಳಿಕೊಂಡರೆ ಯಾರೂ ಬೇಸರಪಡಬೇಕಾಗಿಲ್ಲ. ಗೋಕಾಕದ ವಿಶೇಷವೆಂದರೆ ಗಿರಣಿ ನಡೆದರೂ ಜಲಪಾತ ಸಾಯಲಿಲ್ಲ. ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಗರ್ಜಿಸಿದವು. ರಾತ್ರಿಗೆ ನಾವು ಧಾರವಾಡದಲ್ಲಿ ತಂಗುವುದು, ಪೇಢೆ ಕೊಳ್ಳುವುದು.

ಮೂರನೆಯ ದಿನದ ದಾರಿ ಹುಬ್ಬಳ್ಳಿಯಿಂದ ಶಿರಸಿಗೆ, ಸುಮಾರು ನೂರು ಕಿಲೋಮೀಟರು. ಕರಿಮಣ್ಣಿನ ಹೊಲಗಳು ಮುಗಿದು, ಕಾಡು ಮೆಲ್ಲನೆ ಎದ್ದು ನಿಲ್ಲುತ್ತದೆ. ಈ ದಾರಿಯ ಹಳೆಯ ಪ್ರವಾಸಿ ಯಾರೆಂದರೆ ಹತ್ತಿಯ ಅಂಡಿಗೆ. ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯ ಬಂದರದಲ್ಲಿ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡದಲ್ಲಿಯಾದರೂ ಪೇಟೆಯಲ್ಲಿ ಅದರ ಹೆಸರು 'ಕುಮಟೆ ಹತ್ತಿ'. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಇಲಾಖೆಯಲ್ಲಿತ್ತು, ಹಡಗು ಹತ್ತುವ ಬಂದರ ಮದರಾಸು ಇಲಾಖೆಯಲ್ಲಿತ್ತು. ಇದು ಮುಂಬಯಿಯ ವರ್ತಕರಿಗೆ ಹಿಡಿಸಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು.

ಇಲ್ಲಿಗೆ ನಮ್ಮ ದಾರಿ ದೊಡ್ಡಪ್ಪನ ಹೊಳೆಯನ್ನು ಮುಟ್ಟಿತು. ಜೋಗದ ಉತ್ತರದ ದಂಡೆ ಸಿದ್ದಾಪುರ ತಾಲೂಕು, ಅಂದರೆ ಉತ್ತರ ಕನ್ನಡ; ದಕ್ಷಿಣದ ದಂಡೆ ಸಾಗರ ತಾಲೂಕು, ಅಂದರೆ ಶಿವಮೊಗ್ಗೆ. ಹೈದರ ಮತ್ತು ಟಿಪ್ಪುವಿನ ಕಾಲದಲ್ಲಿ ಎರಡು ದಂಡೆಗಳೂ ಒಂದೇ ಆಳ್ವಿಕೆಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಂಚಿಕೆಯಾಯಿತು. ಕನ್ನಡ ಜಿಲ್ಲೆ ಕಂಪನಿಗೆ, ನಗರದ ಸೀಮೆ ಮೈಸೂರಿನ ಅರಸರಿಗೆ. ಶರಾವತಿಯ ನೀರು ಗಡಿಯಾಯಿತು. ಅಲ್ಲಿಂದ 1862ರವರೆಗೆ ಅರವತ್ತಮೂರು ವರ್ಷ ಉತ್ತರದ ದಂಡೆ ಮದರಾಸಿನದು. ಅಲ್ಲಿಂದ 1956ರವರೆಗೆ ತೊಂಬತ್ತನಾಲ್ಕು ವರ್ಷ ಮುಂಬಯಿಯದು. ಒಟ್ಟು ನೂರೈವತ್ತೇಳು ವರ್ಷ ಒಂದು ಜಲಪಾತವನ್ನು ಎರಡು ಸರಕಾರಗಳು ಎರಡು ಕಡೆಯಿಂದ ನೋಡಿದವು.

ಇದಕ್ಕೆ ಸಾಕ್ಷಿಯಾಗಿ ಎರಡು ಬಂಗಲೆಗಳ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ದಕ್ಷಿಣದ್ದು ಮೈಸೂರು ಬಂಗಲೆ, ಉತ್ತರದ್ದು ಬೊಂಬಾಯಿ ಬಂಗಲೆ. ಮೈಸೂರಿನ ಕಡೆ ನಿಂತರೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕೂ ಧಾರೆಗಳು ಎದುರಿಗೆ ಕಾಣುತ್ತವೆ. ಚಿತ್ರಪಟಗಳಲ್ಲಿ ನಾವು ನೋಡುವುದು ಈ ನೋಟವನ್ನೇ. ಬೊಂಬಾಯಿಯ ಕಡೆಯಿಂದ ಹೋದರೆ ಧಾರೆಯ ನೆತ್ತಿಯ ಹತ್ತಿರಕ್ಕೆ ಬರುತ್ತೇವೆ. 253 ಮೀಟರು, ಹಳೆಯ ಲೆಕ್ಕದಲ್ಲಿ 830 ಅಡಿ, ನೀರು ಹೇಗೆ ನೆಲ ಬಿಟ್ಟು ಹೋಗುತ್ತದೆಂಬುದು ಅಲ್ಲಿಂದ ತಿಳಿಯುತ್ತದೆ. ಒಂದು ದಂಡೆಯವರಿಗೆ ಮುಖದ ಪರಿಚಯ, ಇನ್ನೊಂದು ದಂಡೆಯವರಿಗೆ ನೆತ್ತಿಯ ಪರಿಚಯ. ಇಡೀ ಜೋಗವನ್ನು ಕಾಣಬೇಕಾದರೆ ಹೊಳೆ ದಾಟಲೇಬೇಕು.

ಹೊಳೆ ದಾಟುವ ಅಭ್ಯಾಸ ಜನರಿಗೆ ಇದ್ದೇ ಇತ್ತು. ಹೆಣ್ಣು ಕೊಟ್ಟು ತರುವುದಕ್ಕೆ ಯಾವ ಗಡಿಯೂ ಅಡ್ಡಿಯಾಗಲಿಲ್ಲ. ದೊಡ್ಡಪ್ಪನ ಸೋದರತ್ತೆಯನ್ನು ಕೊಟ್ಟದ್ದು ಆಚೆಯ ದಂಡೆಗೆ. ಮನೆಯಲ್ಲಿ ಅತ್ತೆಯ ಊರನ್ನು 'ಮೈಸೂರ ಬದಿ' ಎಂದೇ ಕರೆಯುತ್ತಿದ್ದರಂತೆ. ಮಕ್ಕಳ ಮನಸ್ಸಿಗೆ ಅದು ಪರದೇಶ. 1956ನೆಯ ನವೆಂಬರ್ 1ರಂದು ಶಾಲೆಯಲ್ಲಿ ಮಾಸ್ತರರು ಬೆಲ್ಲ ಹಂಚಿ, "ಇಂದಿನಿಂದ ಹೊಳೆಯಾಚೆಯೂ ನಮ್ಮದೇ ರಾಜ್ಯ" ಎಂದು ಹೇಳಿದರಂತೆ. ಆಗ ಹನ್ನೆರಡು ವರ್ಷದ ದೊಡ್ಡಪ್ಪ ಎದ್ದು ನಿಂತು, "ಹಾಗಾದರೆ ನಮ್ಮ ಅತ್ತೆ ಮನೆಯೂ ನಮ್ಮ ರಾಜ್ಯವೋ?" ಎಂದು ಕೇಳಿದ್ದಕ್ಕೆ ಇಡೀ ತರಗತಿ ನಕ್ಕಿತಂತೆ. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ದಿನ ಅದು. ಏಕೀಕರಣದ ಬಗ್ಗೆ ದೊಡ್ಡ ಗ್ರಂಥಗಳಿವೆ. ಆದರೆ ಆ ದಿನದ ಅರ್ಥವನ್ನು ಈ ಹುಡುಗನ ಪ್ರಶ್ನೆಗಿಂತ ಚಿಕ್ಕದಾಗಿ ಹೇಳಿದ್ದನ್ನು ನಾವು ಕಂಡಿಲ್ಲ. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಬೊಂಬಾಯಿ ಬಂಗಲೆಯ ಹೆಸರು ಮಾತ್ರ ಹಾಗೆಯೇ ಉಳಿದು, ಮುಂಬಯಿಯ ಕನ್ನಡಿಗರಾದ ನಮ್ಮನ್ನು ಕರೆಯುತ್ತಿದೆ.

ಇಷ್ಟು ಜಮೆಯ ಬದಿ. ಖರ್ಚಿನ ಬದಿಯನ್ನೂ ಬರೆಯದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಜೋಗದ ನೀರಿನಿಂದ ವಿದ್ಯುತ್ತು ತೆಗೆಯುವ ಕೆಲಸವನ್ನು ಮೈಸೂರು ಸರಕಾರ ಸ್ವಾತಂತ್ರ್ಯಕ್ಕೆ ಮೊದಲೇ ಕೈಗೊಂಡಿತ್ತು. ಮೇಲುಭಾಗದಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ವಿದ್ಯುದಾಗಾರ ನಡೆಯತೊಡಗಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಅದಕ್ಕೆ ಬಳಿಕ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ಅಷ್ಟಾದರೂ ಜೋಗ ಜೋಗವಾಗಿಯೇ ಇತ್ತು. ದೊಡ್ಡಪ್ಪ ಬಾಲ್ಯದಲ್ಲಿ ಕಂಡದ್ದು ಆ ಜೋಗವನ್ನು. ಏಕೀಕರಣದ ನಂತರ ಹೊಸ ರಾಜ್ಯಕ್ಕೆ ಬೆಳಕು ಬೇಕಾಯಿತು, ಕಾರಖಾನೆಗಳಿಗೆ ಬಲ ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಸಿದ್ಧವಾಯಿತು. ಅಲ್ಲಿ ನಿಂತ ನೀರನ್ನು ಜಲಪಾತದ ಬಾಯಿಗೆ ಬಿಡದೆ ಕಾಲುವೆ, ಕೊಳವೆಗಳ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಇಳಿಸುತ್ತಾರೆ. ಹತ್ತು ಯಂತ್ರಗಳ ಆ ಆಗಾರದ ಒಟ್ಟು ಶಕ್ತಿ 1035 ಮೆಗಾವ್ಯಾಟ್. ದಶಕಗಟ್ಟಲೆ ಕರ್ನಾಟಕದ ಮನೆಮನೆಯ ದೀಪದಲ್ಲಿ ಜೋಗ ಉರಿಯಿತೆಂದರೆ ಉತ್ಪ್ರೇಕ್ಷೆಯಲ್ಲ. ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಈ ಹೊಸ ನೀರಿನಲ್ಲಿ ಮುಳುಗಿತು. ನೀರು ಬಹಳ ತಗ್ಗಿದ ಬೇಸಗೆಗಳಲ್ಲಿ ಅದರ ಕಲ್ಲುಗಳು ಹೊರಗೆ ಕಾಣುತ್ತವೆ.

ಮುಳುಗಿದ್ದು ಅಣೆಕಟ್ಟು ಒಂದೇ ಅಲ್ಲ. ಸಾಗರ, ಹೊಸನಗರದ ಕಡೆಯ ಊರುಗಳು, ಅಡಿಕೆಯ ತೋಟಗಳು, ಗದ್ದೆಗಳು ಹಿನ್ನೀರಿನ ಕೆಳಗೆ ಹೋದವು. ಸಾವಿರಾರು ಕುಟುಂಬಗಳು ಎದ್ದು ನಡೆದವು. ಅವರಲ್ಲಿ ಹಲವರಿಗೆ ಕೊಟ್ಟ ನೆಲದ ಹಕ್ಕುಪತ್ರದ ತಗಾದೆ ಅರ್ಧ ಶತಮಾನ ಕಳೆದ ಮೇಲೂ ಮುಗಿದಿಲ್ಲ. ದೊಡ್ಡಪ್ಪನ ಅತ್ತೆಯ ಮನೆ, ತೋಟ, ಅಂಗಳದ ತುಳಸಿಕಟ್ಟೆ ಎಲ್ಲವೂ ಆ ನೀರಿನಲ್ಲಿದೆ. ಅತ್ತೆಯ ಕುಟುಂಬ ಶಿವಮೊಗ್ಗೆಯ ಕಡೆಗೆ ಹೋಯಿತು. ಅತ್ತೆ ಅಲ್ಲಿ ಬಹಳ ದಿನ ಬಾಳಲಿಲ್ಲ. ಮುಂಬಯಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದೊಡ್ಡಪ್ಪನಿಗೆ ಸುದ್ದಿ ಕಾರ್ಡಿನಲ್ಲಿ ಬಂತು. 1956ರಲ್ಲಿ ತನ್ನ ರಾಜ್ಯಕ್ಕೆ ಸೇರಿದ ಅತ್ತೆಯ ಮನೆ ಎಂಟೇ ವರ್ಷಕ್ಕೆ ನಕ್ಷೆಯಿಂದಲೇ ಅಳಿಸಿಹೋಯಿತು. "ನೀರು ಅತ್ತೆಯ ಮನೆಯಲ್ಲಿ ಕೂತಿದೆ" ಎಂದರೆ ಇದು. ಜೋಗದಲ್ಲಿ ಬೀಳಬೇಕಾದ ನೀರನ್ನು ಕೇಳಿದರೆ ವಿಳಾಸ ಅತ್ತೆಯ ಮನೆಯದೇ.

ಹಾಗೆಂದು ನಾವು ಅಣೆಕಟ್ಟನ್ನು ಬೈಯಲು ಹೊರಟಿಲ್ಲ. ದೀಪದ ಕೆಳಗೆ ಕುಳಿತು ಓದಿ ಬಿ.ಕಾಂ. ಮಾಡಿದವರಿಗೆ ಆ ಅಧಿಕಾರವಿಲ್ಲ. ನಮ್ಮ ಅರಿಕೆ ಇಷ್ಟೇ: ಜೋಗದ ಹಾಡನ್ನು ಹಾಡುವವರು ಜಮೆಯ ಜೊತೆಗೆ ಖರ್ಚನ್ನೂ ತಿಳಿದಿರಬೇಕು. ರಾಜ್ಯವೊಂದು ಆಯಿತು ಎಂಬ ಸಂತೋಷಕ್ಕೂ ದೀಪ ಹತ್ತಿತು ಎಂಬ ಸಂತೋಷಕ್ಕೂ ಯಾರೋ ಒಬ್ಬರ ಅಂಗಳ ಸಂದಾಯವಾಗಿದೆ. ಆ ಖಾತೆಯಲ್ಲಿ ಅವರ ಹೆಸರು ಕಾಣಬೇಕು.

ಇನ್ನು ಪ್ರವಾಸದ ಕಾಲ. ಮೂರು ವರ್ಷದ ಹಿಂದಿನ ನಮ್ಮ ತಪ್ಪು ಇಲ್ಲಿಯೇ ಆದದ್ದು. ರಜೆ ಯಾವಾಗ ಸಿಗುತ್ತದೆಂದು ನೋಡಿದೆವೇ ಹೊರತು ನೀರು ಯಾವಾಗ ಸಿಗುತ್ತದೆಂದು ನೋಡಲಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಚೆನ್ನಾಗಿ ಆದ ವರ್ಷ ನೀರು ಅದರ ಸಮೀಪಕ್ಕೆ ಬಂದಾಗ ಬಾಗಿಲು ತೆರೆದು ಹೊಳೆಗೆ ಬಿಡುತ್ತಾರೆ. ಹೆಚ್ಚಾಗಿ ಅದು ಶ್ರಾವಣ ಭಾದ್ರಪದಗಳ ಮಾತು. ಪ್ರತಿವರ್ಷ ತೆರೆಯುತ್ತಾರೆಂಬ ಭರವಸೆಯಿಲ್ಲ. ಬಾಗಿಲು ತೆರೆಯದಿದ್ದರೂ ಜುಲೈಯಿಂದ ಸೆಪ್ಟೆಂಬರದವರೆಗೆ ಅಣೆಕಟ್ಟಿನ ಕೆಳಗಿನ ಕಾಡುಗಳ ಮಳೆನೀರು ಜೋಗಕ್ಕೆ ಬಂದೇ ಬರುತ್ತದೆ. ಆದಕಾರಣ ಗಣೇಶ ಚತುರ್ಥಿಯ ಅಕ್ಕಪಕ್ಕದ ರಜೆಗಳನ್ನು ಕೂಡಿಸಿ ಆರು ದಿನಗಳನ್ನು ಗೊತ್ತುಮಾಡಿದ್ದೇವೆ. ಮಳೆಗಾಲ ಆರಂಭವಾದೊಡನೆ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ದಿನದ ಶಿಲ್ಕಿನಂತೆ ಬರೆದಿಡುವ ಕೆಲಸವನ್ನು ದೊಡ್ಡಪ್ಪ ತಾವೇ ವಹಿಸಿಕೊಂಡಿದ್ದಾರೆ. ಘಟ್ಟಗಳಲ್ಲಿ ಮಣ್ಣು ಕುಸಿದು ದಾರಿ ಕಟ್ಟುವುದುಂಟು. ಹೊರಡುವ ಮುನ್ನ ಶಿರಸಿಯ ನೆಂಟರಿಂದ ಸುದ್ದಿ ತರಿಸಬೇಕು. ರಾತ್ರಿ ಘಟ್ಟದಲ್ಲಿ ಗಾಡಿ ಓಡಿಸಬಾರದು. ಬೊಂಬಾಯಿ ಬಂಗಲೆಯ ಕಡೆಗೆ ಹೋಗಲು ಆ ದಿನಗಳಲ್ಲಿ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಉಂಬಳಗಳಿಗಾಗಿ ಉಪ್ಪಿನ ಪೊಟ್ಟಣ, ಮಕ್ಕಳಿಗೆ ಎರಡೆರಡು ಜೊತೆ ಒಣಬಟ್ಟೆ ಅಗತ್ಯ.

ಜೋಗದ ಮಾರನೆಯ ದಿನಕ್ಕೆ ಇನ್ನೊಂದು ಜಲಪಾತವನ್ನು ಇಟ್ಟುಕೊಂಡಿದ್ದೇವೆ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ ನದಿ 116 ಮೀಟರು ಧುಮುಕುತ್ತದೆ. ಹೆಸರು ಉಂಚಳ್ಳಿ. 1845ರಲ್ಲಿ ಇದನ್ನು ಕಂಡ ಜಿಲ್ಲಾಧಿಕಾರಿ ಲಷಿಂಗ್ಟನ್ನನ ಹೆಸರನ್ನು ದೊರೆಗಳು ಪುಸ್ತಕದಲ್ಲಿ ಬರೆದುಕೊಂಡರು; ಆತ ಕಾಣುವುದಕ್ಕೆ ಎಷ್ಟೋ ಮೊದಲೇ ಅದರ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದ ಊರವರು ಅದನ್ನು 'ಕೆಪ್ಪ ಜೋಗ' ಎಂದು ಕರೆದರು. ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಶಿರಸಿಯ ಹತ್ತಿರ ಹುಟ್ಟಿದ ನೀರು ಹುಟ್ಟಿದ ಹಾಗೆಯೇ ಸಮುದ್ರಕ್ಕೆ ಹೋಗುತ್ತದೆ. ಖೋಪೋಲಿಯಲ್ಲಿ ಪೂರ್ತಿ ಕಟ್ಟಿದ ನೀರು, ಗೋಕಾಕದಲ್ಲಿ ಗಿರಣಿಯೊಡನೆ ಹಂಚಿಕೊಂಡ ನೀರು, ಜೋಗದಲ್ಲಿ ಅಪ್ಪಣೆ ಸಿಕ್ಕಾಗ ಬೀಳುವ ನೀರು. ಇವೆಲ್ಲವನ್ನೂ ನೋಡಿದ ಮಕ್ಕಳು ಕೊನೆಗೆ ಯಾರ ಅಪ್ಪಣೆಯನ್ನೂ ಕೇಳದ ನೀರನ್ನೂ ಒಮ್ಮೆ ನೋಡಲಿ ಎಂಬುದು ನಮ್ಮ ಆಸೆ.

ಯೋಜನೆಯ ಕಾಗದವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆವು. ಈಗ ಅವರಿಗೆ ಎಂಬತ್ತು ದಾಟಿದೆ. ಮೊಣಕಾಲು ಮೆಟ್ಟಿಲು ಹತ್ತಗೊಡುವುದಿಲ್ಲ, ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಅವರು ಎರಡೇ ತಿದ್ದುಪಡಿ ಸೂಚಿಸಿದರು. ಮೊದಲು ಬೊಂಬಾಯಿ ಬಂಗಲೆಯ ದಂಡೆಗೆ ಹೋಗಬೇಕು, ಆಮೇಲೆ ಹೊಳೆ ದಾಟಿ ಮೈಸೂರಿನ ದಂಡೆಗೆ. ಚಿಕ್ಕಂದಿನಲ್ಲಿ ಅತ್ತೆಯ ಮನೆಗೆ ಹೋಗುತ್ತಿದ್ದ ಕ್ರಮ ಅದೇ. ಎರಡನೆಯದು ಹಿನ್ನೀರಿನ ದಡದಲ್ಲಿ ಒಂದು ಗಳಿಗೆ ಗಾಡಿ ನಿಲ್ಲಿಸುವುದು. ಅಣೆಕಟ್ಟು ಆದಂದಿನಿಂದ ನೀರಿನಾಚೆ ಸಿಕ್ಕಿಕೊಂಡು ಲಾಂಚಿನ ದಾರಿ ಕಾಯುತ್ತಿದ್ದ ಸಿಗಂದೂರು ಕಡೆಯ ಊರುಗಳಿಗೆ 2025ರ ಜುಲೈಯಲ್ಲಿ ಸೇತುವೆ ತೆರೆದ ಸುದ್ದಿಯನ್ನು ಅವರು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅರವತ್ತೊಂದು ವರ್ಷ ತಡವಾದರೂ ದಾರಿಯಾಯಿತಲ್ಲ ಎಂದು ಅವರಿಗೆ ಸಮಾಧಾನ.

"ಅಲ್ಲಿ ನಿಂತು ಏನು ಮಾಡುತ್ತೀರಿ, ದೊಡ್ಡಪ್ಪಾ?" ಎಂದು ಕೇಳಿದೆವು.

"ಏನು ಮಾಡುವುದು ತಮ್ಮಾ. ಅತ್ತೆಗೆ ಬಂದಿದ್ದೇನೆ ಅಂತ ಹೇಳುವುದು" ಎಂದರು.

ಎರಡೂ ತಿದ್ದುಪಡಿಗಳನ್ನು ಕಾಗದದಲ್ಲಿ ಸೇರಿಸಿದ್ದೇವೆ. ಗಾಡಿಯಲ್ಲಿ ಇನ್ನೂ ಮೂರು ಆಸನಗಳು ಖಾಲಿ ಇವೆ. 'ನಿತ್ಯೋತ್ಸವ'ವನ್ನು ಹಾಡಿ ಜೋಗವನ್ನು ಕಾಣದ ಮಕ್ಕಳ ಮನೆಯವರು ಸಂಘದ ಕಚೇರಿಯಲ್ಲಿ ಹೆಸರು ಕೊಟ್ಟರೆ ಅವರಿಗೆ ಮೊದಲ ಪ್ರಾಶಸ್ತ್ಯ. ಬರುವ ವರ್ಷ ಮಳೆ ಸರಿಯಾಗಿ ಆಗಲಿ, ಲಿಂಗನಮಕ್ಕಿ ತುಂಬಲಿ, ನಮ್ಮ ಹಿರಿಯರ ಕಣ್ಣು ಅಷ್ಟು ದಿನ ನಿಲ್ಲಲಿ ಎಂದು ವಾಚಕರೂ ನಮ್ಮೊಡನೆ ಹಾರೈಸಬೇಕಾಗಿ ಕೋರುತ್ತೇವೆ.